ರ್‍ಯಾಪ್‌ನಲ್ಲಿ ಸಂಗೀತ ಎಲ್ಲಿದೆ? ಸಿಟ್ಟಾಗದೆ ಹೇಳಿ

ಹಳೇಕ್ಯಾಸೆಟ್
ನನಗೆ 53. ಊರು ಮೈಸೂರು. ಮಗ ಸೆಕೆಂಡ್ ಪಿಯುಸಿ. ಹೋದ ಭಾನುವಾರ ಹಾಸನಕ್ಕೆ ಕಾರಿನಲ್ಲಿ ಹೊರಟೆವು. ಯಲವಾಳ ದಾಟುವಷ್ಟರಲ್ಲಿ ಬ್ಲೂಟೂತ್ ಜಗಳ ಶುರು. ನನಗೆ ಸಿ. ಅಶ್ವತ್ಥ್, ಮೈಸೂರು ಅನಂತಸ್ವಾಮಿ, ಪಿ.ಬಿ. ಶ್ರೀನಿವಾಸ್ ಬೇಕು. ಅವನಿಗೆ ರ್‍ಯಾಪ್. ಕೊನೆಗೆ ಹೆಂಡತಿ ಪಂಚಾಯ್ತಿ ಮಾಡಿದಳು. ಕೆ.ಆರ್. ನಗರದವರೆಗೆ ಅಪ್ಪನದು, ಅಲ್ಲಿಂದ ಹೊಳೆನರಸೀಪುರದವರೆಗೆ ಮಗನದು, ಆಮೇಲೆ ಹಾಸನದವರೆಗೆ ತನ್ನದು. ತನ್ನ ಸರದಿ ಬಂದಾಗ ಅವಳು ಸುಮ್ನೆ ಆಫ್ ಮಾಡಿ ಕಣ್ಣು ಮುಚ್ಚಿಕೊಂಡಳು.

ಮಧ್ಯದ ಆ ಮುಕ್ಕಾಲು ಗಂಟೆ ನನಗೆ ಒಂದು ವರ್ಷ ಆಯ್ತು. ರಾಗ ಇಲ್ಲ, ಏರಿಳಿತ ಇಲ್ಲ. ಯಾರೋ ಕಿವಿ ಹತ್ತಿರ ಬಂದು ಸಾಲ ವಾಪಸ್ ಕೇಳುತ್ತಿರುವ ಹಾಗೆ. 'ಇದರಲ್ಲಿ ಸಂಗೀತ ಎಲ್ಲಿದೆ ಮಗನೇ' ಅಂದೆ. 'ಅಪ್ಪ, ನಿಮಗೆ ಅರ್ಥ ಆಗಲ್ಲ ಬಿಡಿ' ಅಂದ. ಅದೇ ನನಗೆ ಚುಚ್ಚಿದ್ದು. ಅರ್ಥ ಮಾಡಿಸೋರು ಇದ್ದರೆ ಮಾಡಿಸಿ. ಕೇಳುತ್ತೇನೆ.

ರಾಗಿಮುದ್ದೆ404
ಸಾಲ ವಾಪಸ್ ಕೇಳುವ ಹಾಗೆ! ಸರ್, ನೀವೇ ಅರ್ಧ ರ್‍ಯಾಪರ್.

ತಂಬೂರಿ
ಧಾರವಾಡದಲ್ಲಿ ಬೆಳೆದವನು ನಾನು. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ, ಭೀಮಸೇನ ಜೋಶಿ ಕೇಳಿ ಪಳಗಿದ ಕಿವಿ. ಒಂದು ಸ್ವರದ ಮೇಲೆ ನಿಂತು ಅದನ್ನು ಬೆಳಗಿಸುವುದು ಸಂಗೀತ. ಗಡಿಬಿಡಿಯಲ್ಲಿ ಮಾತಾಡುವುದಕ್ಕೆ ಬೇರೆ ಹೆಸರಿದೆ, ಬಸ್ ಕಂಡಕ್ಟರ್ ಅಂತ. ಹಳೇಕ್ಯಾಸೆಟ್ ಅವರೇ, ನಿಮ್ಮ ಕಿವಿ ಸರಿಯಾಗೇ ಇದೆ.

ಬನಶಂಕರಿ ಬೀಟ್
ಹಳೇಕ್ಯಾಸೆಟ್ ಸರ್, ನನಗೆ 24. ಸಿಟ್ಟಾಗದೆ ಹೇಳುತ್ತೇನೆ, ಪ್ರಾಮಿಸ್.

ಇದು ಶುರುವಾಗಿದ್ದೇ ಒಂದು ಮನೆ ಪಾರ್ಟಿಯಲ್ಲಿ. 1973ರ ಆಗಸ್ಟ್ 11. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಸೆಡ್ಜ್‌ವಿಕ್ ಅವೆನ್ಯೂ, 1520ನೇ ನಂಬರಿನ ಅಪಾರ್ಟ್‌ಮೆಂಟು. ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿ ಸ್ಕೂಲಿಗೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕು ಅಂತ ಟಿಕೆಟ್ ಇಟ್ಟು ಪಾರ್ಟಿ ಮಾಡಿದಳು. ರೆಕಾರ್ಡ್ ಹಾಕಿದ್ದು ಅವಳಣ್ಣ, ಜಮೈಕಾದಲ್ಲಿ ಹುಟ್ಟಿದ ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ಗಾಯಕ ಸುಮ್ಮನಾಗಿ ಬರೀ ಡ್ರಮ್ಸ್ ಬರುವ ತುಣುಕು ಇರುತ್ತದಲ್ಲ, ಕುಣಿಯುವವರು ಅದಕ್ಕೇ ಕಾಯುತ್ತಾರೆ ಅಂತ ಅವನು ಗಮನಿಸಿದ್ದ. ಹತ್ತು ಸೆಕೆಂಡಿಗೆ ಮುಗಿದುಹೋಗುತ್ತಿತ್ತು. ಅದಕ್ಕೆ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡ. ಒಂದರಲ್ಲಿ ಆ ತುಣುಕು ಮುಗಿಯುವಾಗ ಇನ್ನೊಂದರಲ್ಲಿ ಅದನ್ನೇ ಮೊದಲಿಂದ ಶುರು ಮಾಡುತ್ತಿದ್ದ. ಹತ್ತು ಸೆಕೆಂಡನ್ನು ಹತ್ತು ನಿಮಿಷ ಎಳೆಯಬಹುದಿತ್ತು. ಮೈಕ್ ಹಿಡಿದವರು ಮೊದಮೊದಲು ಜನರನ್ನು ಹುರಿದುಂಬಿಸುತ್ತಿದ್ದರು ಅಷ್ಟೇ. ಆ ಹುರಿದುಂಬಿಸುವ ಮಾತೇ ಬೆಳೆದು ರ್‍ಯಾಪ್ ಆಯ್ತು.

1979ರಲ್ಲಿ 'ರ್‍ಯಾಪರ್ಸ್ ಡಿಲೈಟ್' ಬಂತು, ಅದರ ಬೇಸ್ ಶಿಕ್ ಅನ್ನುವ ಬ್ಯಾಂಡಿನ ಹಾಡಿನದು. 1982ರಲ್ಲಿ 'ದಿ ಮೆಸೇಜ್' ಬಂತು, ಬಡವರ ಬೀದಿಯ ಕಥೆ. 2018ರಲ್ಲಿ ರ್‍ಯಾಪರ್ ಕೆಂಡ್ರಿಕ್ ಲಮಾರ್‌ನ 'ಡ್ಯಾಮ್' ಆಲ್ಬಂಗೆ ಸಂಗೀತದ ಪುಲಿಟ್ಜರ್ ಸಿಕ್ಕಿತು, ಅಮೆರಿಕದ ದೊಡ್ಡ ಬಹುಮಾನ ಅದು. ಅಲ್ಲಿಯವರೆಗೆ ಆ ಬಹುಮಾನ ಶಾಸ್ತ್ರೀಯ ಮತ್ತು ಜ್ಯಾಝ್ ಬಿಟ್ಟು ಹೊರಗೆ ಹೋಗಿರಲಿಲ್ಲ.

ತಂಬೂರಿ
ಬಹುಮಾನ ಬಂದ ಮಾತ್ರಕ್ಕೆ ಕಿವಿಗೆ ಹಿತ ಆಗುತ್ತದೆಯೇ ತಮ್ಮಾ?

ಬನಶಂಕರಿ ಬೀಟ್
ಇಲ್ಲ ಸರ್. ಬಹುಮಾನ ಬಾರದಿದ್ದರೆ 'ನೋಡಿ, ಯಾರೂ ಒಪ್ಪಲ್ಲ' ಅನ್ನುತ್ತಿದ್ದಿರಿ, ಅದಕ್ಕೆ ಹೇಳಿದೆ.

ಲಯಲೆಕ್ಕ
ಮನೆಯಲ್ಲಿ ಮಕ್ಕಳಿಗೆ ಮೃದಂಗ ಹೇಳಿಕೊಡುತ್ತೇನೆ. ರ್‍ಯಾಪ್ ನನ್ನ ಇಷ್ಟದ್ದಲ್ಲ. ಆದರೆ 'ಸಂಗೀತ ಎಲ್ಲಿದೆ' ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ಅಲ್ಲಿ ರಾಗ ಹುಡುಕಬೇಡಿ, ಲಯ ಹುಡುಕಿ.

ಒಂದು ಕೆಲಸ ಮಾಡಿ. ತೊಡೆ ಮೇಲೆ ಸಮನಾಗಿ ನಾಲ್ಕು ತಟ್ಟಿ. ತಟ್ಟಿಗೆ ಎರಡು ಅಕ್ಷರದಂತೆ ಎಂಟು ಅಕ್ಷರ. ಈಗ ಬಾಯಲ್ಲಿ ತಕ ತಕ ತಕ ತಕ ಅನ್ನಿ. ಪಾಠ ಒಪ್ಪಿಸಿದ ಹಾಗಿದೆ ಅಲ್ವಾ? ಅದೇ ಎಂಟನ್ನು ತಕಿಟ ತಕಿಟ ತಕ ಅನ್ನಿ. ಮೂರು, ಮೂರು, ಎರಡು. ಕೈ ಮೊದಲಿನ ಹಾಗೇ ಸಮನಾಗಿ ತಟ್ಟುತ್ತಿರಲಿ. ಬಾಯಿಗೂ ಕೈಗೂ ಜಗಳ ಹತ್ತಿ ಕೊನೆಗೆ ಒಂದೇ ಕಡೆ ಬಂದು ಕೂರುತ್ತದೆ. ಆ ಜಗಳದಲ್ಲೇ ಮಜಾ ಇರುವುದು. ಕೊನ್ನಕ್ಕೋಲ್, ಅಂದರೆ ಮೃದಂಗದ ಲಯವನ್ನು ಬಾಯಲ್ಲೇ ಹೇಳುವ ಕಲೆ, ಅದನ್ನು ಮಾಡುವವರು ತಕಿಟದಂಥ ಸೊಲ್ಲುಕಟ್ಟು ಇಟ್ಟುಕೊಂಡು ಮಾಡುವುದನ್ನು ಒಳ್ಳೆಯ ರ್‍ಯಾಪರ್ ಅರ್ಥ ಇರುವ ಪದ ಇಟ್ಟುಕೊಂಡು ಮಾಡುತ್ತಾನೆ. ಕೆಟ್ಟ ರ್‍ಯಾಪರ್ ಬರೀ ತಕ ತಕ ತಕ ತಕ.

ತಂಬೂರಿ ಅವರಿಗೆ ಒಂದು ಮಾತು. ನಿಮ್ಮ ಗಾಯಕರ ಪಕ್ಕದಲ್ಲಿ ಹಾರ್ಮೋನಿಯಂ ಇರುತ್ತದಲ್ಲ, ಅದನ್ನು 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ನಿಷೇಧಿಸಿದ್ದರು. ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ, ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬರುವುದಿಲ್ಲ ಅಂತ. ಮಾತು ಸುಳ್ಳಲ್ಲ, ಮೀಂಡ್ ಬರುವುದಿಲ್ಲ. ಹಾಗಿದ್ದರೂ ಈಗ ಹಾರ್ಮೋನಿಯಂ ಇಲ್ಲದ ಕಛೇರಿ ಹುಡುಕಿ ನೋಡೋಣ.

ಹಳೇಕ್ಯಾಸೆಟ್
ಮೇಡಂ, ಬಾಲ್ಕನಿಯಲ್ಲಿ ಕೂತು ತಟ್ಟಿದೆ. ಮೂರು ಸಲ ತಪ್ಪಿತು. ನಾಲ್ಕನೇ ಸಲ ಬಂತು. ಪಕ್ಕದ ಮನೆಯವರು ಬಗ್ಗಿ ನೋಡಿದರು.

ಕಟ್ಟೆಪುರಾಣ
ಲಯಲೆಕ್ಕ ಅವರು ಹಾರ್ಮೋನಿಯಂ ಎತ್ತಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಹಳೇಕ್ಯಾಸೆಟ್ ಅವರ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದದ್ದು ಸಿನಿಮಾ ಹಾಡು. 1952ರಲ್ಲಿ ಬಿ.ವಿ. ಕೇಸ್ಕರ್ ಮಂತ್ರಿಯಾದ ಮೇಲೆ ಆಕಾಶವಾಣಿಯಿಂದ ಸಿನಿಮಾ ಹಾಡೇ ಮಾಯವಾಗಿತ್ತು, ಕೀಳು ಅಭಿರುಚಿ ಅಂತ. ಜನ ರೇಡಿಯೋ ಸಿಲೋನ್‌ಗೆ ಮುಳ್ಳು ತಿರುಗಿಸಿದರು. ಇವರಿಗೆ ಬುದ್ಧಿ ಬಂದು ವಿವಿಧಭಾರತಿ ಶುರು ಮಾಡಿದ್ದು 1957ರಲ್ಲಿ. ಅಂದರೆ ನಿಮ್ಮ ಅಪ್ಪ ನಿಮ್ಮ ಹಾಡನ್ನು ಬೈದಿರಬೇಕು, ಹೌದೋ ಅಲ್ಲವೋ?

ಹಳೇಕ್ಯಾಸೆಟ್
ಬೈದಿದ್ದರು. 'ಆ ಮರ ಸುತ್ತೋ ಹಾಡು ನಿಲ್ಲಿಸೋ' ಅಂತಿದ್ದರು. ಅವರಿಗೆ ಗಮಕ ಬೇಕು, ಕುಮಾರವ್ಯಾಸ ಭಾರತ ಬೇಕು. ಈಗ ನೆನಪಾದರೆ ನಗು ಬರುತ್ತದೆ.

ಬಾಗಲಕೋಟಿ ಬುತ್ತಿ
ನೀವೆಲ್ಲ ಬ್ರಾಂಕ್ಸ್‌ಗೆ ಯಾಕ ಹೋಗ್ತೀರಿ ಅಂತೀನಿ. ನಮ್ಮ ಕಡೆ ಬರ್ರಿ.

ನಮ್ಮ ಅಜ್ಜಿಯ ಊರು ಕೃಷ್ಣಾ ದಂಡೆಯಲ್ಲಿದೆ. ನಾನು ಸಣ್ಣವಳಿದ್ದಾಗ ಜಾತ್ರೆಯ ರಾತ್ರಿ ಹರದೇಶಿ-ನಾಗೇಶಿ ಇಡಿಸುತ್ತಿದ್ದರು. ಎರಡು ಮೇಳ. ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಅನ್ನಬೇಕು. ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಅನ್ನಬೇಕು. ಒಬ್ಬರು ಹಾಡಿನಲ್ಲೇ ಸವಾಲು ಹಾಕುವುದು, ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡುವುದು. ಕೈಯಲ್ಲಿ ದಪ್ಪು, ಹಿಂದೆ ತುಂತುಣಿ, ಹಿಮ್ಮೇಳದವರು 'ಗೀ ಗೀ' ಅಂತ ಎತ್ತಿಕೊಳ್ಳುವುದು. ಚಳಿಗೆ ದಪ್ಪು ಮೆತ್ತಗಾದರೆ ಬೆಂಕಿಯ ಹತ್ತಿರ ಹಿಡಿದು ಕಾಯಿಸಿ, ಬೆರಳಿನಿಂದ ಟಣ್ ಅಂತ ಒಮ್ಮೆ ಬಾರಿಸಿ ನೋಡಿ, ಮತ್ತೆ ಎದ್ದು ನಿಲ್ಲುತ್ತಿದ್ದರು.

ಒಂದು ವರ್ಷ ನಾಗೇಶಿಯ ಹೆಣ್ಣುಮಗಳು ಹಾಕಿದ ಸವಾಲಿಗೆ ಎದುರಿನ ಗಂಡಸಿಗೆ ಜವಾಬು ಹೊಳೆಯಲಿಲ್ಲ. ಅವನು ದಪ್ಪು ಬಾರಿಸುತ್ತಲೇ ಇದ್ದ, ಬಾರಿಸುತ್ತಲೇ ಇದ್ದ. ಮಾತು ಬರಲಿಲ್ಲ. ನಮ್ಮ ಅಜ್ಜಿ ಕಂಬಳಿಯ ಒಳಗಿಂದಲೇ 'ಸೋತ ನೋಡು ಮೂಳ' ಅಂದಳು. ಹೆಂಗಸರೆಲ್ಲ ಹೋ ಅಂತ ನಕ್ಕರು. ಒಬ್ಬರು ಎದ್ದು ಹೋಗಿ ಆ ಹೆಣ್ಣುಮಗಳಿಗೆ ನೋಟು ಆಯೇರಿ ಮಾಡಿದರು. ಅವಳು ಅವರ ಹೆಸರು ಸೇರಿಸಿ ಅಲ್ಲೇ ಒಂದು ನುಡಿ ಕಟ್ಟಿ ಹಾಡಿಬಿಟ್ಟಳು. ರ್‍ಯಾಪ್ ಬ್ಯಾಟಲ್ ಅಂತ ನನ್ನ ತಮ್ಮ ಯೂಟ್ಯೂಬಿನಲ್ಲಿ ತೋರಿಸಿದಾಗ ನನಗೆ ಹೊಸದೇನೂ ಅನಿಸಲಿಲ್ಲ.

ರಾಗಿಮುದ್ದೆ404
ಅಜ್ಜಿ ಜಡ್ಜ್ ಆಗಿ ಬರಲಿ.

ಕಟ್ಟೆಪುರಾಣ
ಬುತ್ತಿ ಅಕ್ಕಾ, ಆ ರಾತ್ರಿಯ ಚಿತ್ರಕ್ಕೆ ಕೈ ಮುಗಿದೆ. ಆದರೆ ಒಂದು ತಕರಾರು. ಹೊರಗಿನಿಂದ ಏನೇ ಬಂದರೂ 'ಇದು ನಮ್ಮಲ್ಲಿ ಮೊದಲೇ ಇತ್ತು' ಅನ್ನುವ ಚಟ ನಮಗಿದೆ. ವಿಮಾನ ನಮ್ಮಲ್ಲಿತ್ತು, ಈಗ ರ್‍ಯಾಪ್ ನಮ್ಮಲ್ಲಿತ್ತು. ಗೀಗೀ ಪದ ಗೀಗೀ ಪದವೇ. ಬ್ರಾಂಕ್ಸ್ ಹುಡುಗರದ್ದು ಅವರದ್ದೇ. ಅವರ ಬೀದಿ ಬೇರೆ, ಅವರ ಸಿಟ್ಟು ಬೇರೆ. ಎರಡೂ ಬಾಯಿಂದ ಬರುವ ಲಯ ಅಂದ ಮಾತ್ರಕ್ಕೆ ಅಣ್ಣ ತಮ್ಮ ಆಗುವುದಿಲ್ಲ.

ಇನ್ನೊಂದು. ರ್‍ಯಾಪ್ ವಿಷಯ ಬಂದಾಗ ಮಾತ್ರ ನಮಗೆ ಹರದೇಶಿ-ನಾಗೇಶಿ ನೆನಪಾಗುತ್ತದೆ. ನಮ್ಮೂರ ಕಡೆ ಈಗ ಜಾತ್ರೆಗೆ ಆರ್ಕೆಸ್ಟ್ರಾ ಕರೆಸುತ್ತಾರೆ, ಮೇಳದವರನ್ನು ಕರೆಸುವುದಿಲ್ಲ. ಇದು ನನಗೂ ಸೇರಿಸಿ ಹೇಳಿದ್ದು.

ಬಾಗಲಕೋಟಿ ಬುತ್ತಿ
ಖರೆ ಐತಿ ಅಣ್ಣಾರ. ನಮ್ಮ ಅಜ್ಜಿಯ ಊರಲ್ಲೂ ಈಗ ಡಿಜೆ. ಅಜ್ಜಿ ಹತ್ತಿ ಇಟ್ಟುಕೊಂಡು ಮಲಗುತ್ತಾಳೆ.

ಎರಡುಜಡೆ
ನನಗೆ ಬೀಟ್ ಇಷ್ಟ. ಜಿಮ್‌ನಲ್ಲಿ ಅದೇ ಹಾಕಿಕೊಳ್ಳುತ್ತೇನೆ. ಮಾತು ಕೇಳಿಸಿಕೊಂಡ ದಿನ ಮೂಡ್ ಹೋಗುತ್ತದೆ. ಹುಡುಗಿ, ಎಣ್ಣೆ, ಕಾರು. ಹುಡುಗಿ ಕೈ ಕೊಟ್ಟಳು ಅಂತ ಮೂರು ಚರಣ ಬೈಗುಳ. ಇದಕ್ಕೆ ಯಾರೂ ಉತ್ತರ ಕೊಡುತ್ತಿಲ್ಲವಲ್ಲ?

ಬನಶಂಕರಿ ಬೀಟ್
ಇದಕ್ಕೆ ಸಮಜಾಯಿಷಿ ಇಲ್ಲ ಅಕ್ಕಾ. ಇದೆ, ಜಾಸ್ತಿನೇ ಇದೆ. ಎದುರು ಹಾಡಿದವರೂ ಇದ್ದಾರೆ ಅಂತ ಮಾತ್ರ ಹೇಳಬಲ್ಲೆ. ಕ್ವೀನ್ ಲತೀಫಾ 1993ರಲ್ಲೇ 'ಯೂನಿಟಿ' ಅಂತ ಹಾಡಿ, ಹೆಣ್ಣನ್ನು ಆ ಪದಗಳಲ್ಲಿ ಕರೆಯುವವರನ್ನು ನಿಲ್ಲಿಸಿ ಕೇಳಿದಳು. ಅದಕ್ಕೆ ಗ್ರ್ಯಾಮಿ ಬಂತು.

ಎರಡುಜಡೆ
ಕೇಳುತ್ತೇನೆ. ಅಂದಹಾಗೆ ಹಳೇಕ್ಯಾಸೆಟ್ ಸರ್ ಕಾಲದ ಸಿನಿಮಾದಲ್ಲಿ ಹೀರೋ ಹುಡುಗಿಯ ಸೆರಗು ಹಿಡಿದು ಹಾಡುತ್ತಿದ್ದ. ರಾಗ ಚೆನ್ನಾಗಿತ್ತು ಅಂತ ಅದನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ನಿಮಗೆ ಬೇಜಾರಾದರೆ ಸಾರಿ ಸರ್.

ಹಳೇಕ್ಯಾಸೆಟ್
ಬೇಜಾರಿಲ್ಲಮ್ಮ. ಮಗಳಿದ್ದಿದ್ದರೆ ಇಷ್ಟು ಹೊತ್ತಿಗೆ ಕೇಳಿರುತ್ತಿದ್ದಳೇನೋ.

ಹೂಸ್ಟನ್ ಹುಳಿಯನ್ನ
ಇಲ್ಲಿ 2024ರಲ್ಲಿ ಆಫೀಸಿನ ಹುಡುಗನೊಬ್ಬ 'ಬಿಗ್ ಡಾಗ್ಸ್' ಹಾಕಿ ತೋರಿಸಿ, 'ಇದು ನಿಮ್ಮೂರಿನವನದಂತೆ' ಅಂದ. ಹನುಮಾನ್‌ಕೈಂಡ್. ಹುಟ್ಟಿದ್ದು ಕೇರಳ, ಬೆಳೆದದ್ದು ಇದೇ ಹೂಸ್ಟನ್, ಆಮೇಲೆ ಹೆಸರು ಮಾಡಿದ್ದು ಬೆಂಗಳೂರಲ್ಲಿ. ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೆ ಹೋಯ್ತು. ವಿಡಿಯೋದಲ್ಲಿ ಜಾತ್ರೆಯ ಮೃತ್ಯುಕೂಪ! ಮರದ ಬಾವಿಯ ಗೋಡೆ ಮೇಲೆ ಬೈಕು, ಕಾರು ಸುತ್ತುತ್ತವೆ, ನಡುವೆ ನಿಂತು ಇವನು ಹಾಡುತ್ತಾನೆ. ಚಿಕ್ಕಂದಿನಲ್ಲಿ ದಸರಾ ಎಕ್ಸಿಬಿಷನ್‌ನಲ್ಲಿ ನೋಡಿದ ಪೆಟ್ರೋಲ್ ವಾಸನೆ ಮೂಗಿಗೆ ಬಂದಂತಾಯ್ತು. ಹಾಡು ಇಂಗ್ಲಿಷ್. ಅರ್ಧ ಅರ್ಥವಾಗಲಿಲ್ಲ. ಆದರೂ ಮೂರು ಸಲ ನೋಡಿದೆ.

ಕಟ್ಟೆಪುರಾಣ
ಇಂಗ್ಲಿಷಿನಲ್ಲಿ ಬೆಂಗಳೂರಿನವರು ಚೆನ್ನಾಗೇ ಮಾಡುತ್ತಾರೆ. ಬ್ರೋಧ ವಿ ಎಷ್ಟೋ ವರ್ಷದಿಂದ ಮಾಡುತ್ತಿದ್ದಾನೆ. ನನ್ನ ಪ್ರಶ್ನೆ ಕನ್ನಡದ್ದು. ಆಲ್ ಓಕೆ, ಚಂದನ್ ಶೆಟ್ಟಿ, ರಾಹುಲ್ ಡಿಟೊ, ಎಂ.ಸಿ. ಬಿಜ್ಜು, ಗುಬ್ಬಿ, ಎಲ್ಲರನ್ನೂ ಒಂದಿಷ್ಟು ಕೇಳಿದ್ದೇನೆ. ಕೆಲವು ಕಡೆ ಕಿವಿ ನೆಟ್ಟಗಾಗುತ್ತದೆ, ಕೆಲವು ಕಡೆ ಸಪ್ಪೆ. ಯಾಕೆ ಅಂತ ಹೇಳಲು ಬರುವುದಿಲ್ಲ.

ಅರ್ಧಸಾಲು
ನಾನು ಹೇಳಲೇ? ಮೂರು ವರ್ಷದಿಂದ ಬರೆಯುತ್ತಿದ್ದೇನೆ, ಇನ್ನೂ ಒಂದನ್ನೂ ಹೊರಗೆ ಬಿಟ್ಟಿಲ್ಲ. ಬಿಡದಿರಲು ಕಾರಣವೇ ಈ ಸಪ್ಪೆ.

ಇಂಗ್ಲಿಷಿನಲ್ಲಿ ಸಾಲು ಯಾವ ಪದದಿಂದ ಬೇಕಾದರೂ ಮುಗಿಯುತ್ತದೆ. ಅದಕ್ಕೆ ಕೊನೆಯ ಪ್ರಾಸ ಹೊಂದಿಸಲು ಬೆವರು ಹರಿಸಬೇಕು. ಕನ್ನಡದಲ್ಲಿ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ. ಕ್ರಿಯಾಪದಕ್ಕೆ ಬಾಲ ಇದ್ದೇ ಇರುತ್ತದೆ. ಹಾಗಾಗಿ ಹೀಗೆ ಬರೆಯಬಹುದು:

ಬೆಳಗ್ಗೆ ಏಳ್ತೀನಿ, ಕನ್ನಡಿ ನೋಡ್ತೀನಿ,
ನಿನ್ನ ನೆನೀತೀನಿ, ಹಾಡು ಹಾಡ್ತೀನಿ.

ನಾಲ್ಕೂ ಪ್ರಾಸ. ಆದರೆ ಅದನ್ನು ನಾನು ಮಾಡಲಿಲ್ಲ, ವ್ಯಾಕರಣ ಮಾಡಿತು. ನಮ್ಮ ಮನೆಯ ಬೆಕ್ಕಿಗೆ ಮಾತು ಬಂದರೂ ಹೀಗೇ ಪ್ರಾಸ ಬರುತ್ತದೆ. ಕೇಳುವವನ ಕಿವಿಗೆ ಇದು ಗೊತ್ತಾಗುತ್ತದೆ, ಹೇಳಲು ಬರದಿದ್ದರೂ. ಸಪ್ಪೆ ಅನಿಸುವುದು ಇಲ್ಲೇ.

ಹಳೆಯ ಕನ್ನಡ ಕವಿಗಳಿಗೆ ಇದು ಗೊತ್ತಿತ್ತು ಅಂತ ನನ್ನ ಗುಮಾನಿ. ಅವರು ಪ್ರಾಸ ಇಟ್ಟದ್ದು ಸಾಲಿನ ಕೊನೆಯಲ್ಲಿ ಅಲ್ಲ, ಶುರುವಿನಲ್ಲಿ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ. ಆರು ಬಗೆ ಮಾಡಿ ಪ್ರಾಣಿಗಳ ಹೆಸರಿಟ್ಟಿದ್ದರು: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಬಿಂದು, ಅಂದರೆ ಸೊನ್ನೆ ಬಂದರೆ ವೃಷಭ, ಒಂದೇ ಅಕ್ಷರ ದಡ್ಡಕ್ಷರವಾಗಿ, ಅಂದರೆ ತನ್ನದೇ ಒತ್ತಿನ ಜೊತೆ ಬಂದರೆ ಹಯ, ಹೀಗೆ. ಇದು ಕೈಕಟ್ಟಿ ಹಾಕುತ್ತದೆ ಅಂತ ಗೋವಿಂದ ಪೈಗಳು 1911ರಲ್ಲಿ ಬಿಟ್ಟರು. ಅವರಿಗೆ ಅದು ಬೇಡವಾಗಿತ್ತು, ಸರಿ. ರ್‍ಯಾಪ್ ಬರೆಯುವವನಿಗೆ ಅದು ಬಂಗಾರ. ನಾನು ಬರೆದದ್ದು ನೋಡಿ:

ಅಪ್ಪನ ಸ್ಕೂಟರಿಗೆ ಹದಿನೆಂಟು ವರ್ಷ,
ಕಪ್ಪನೆ ಹೊಗೆ, ಕಿಕ್ಕಿಗೊಂದು ಬೈಗುಳ,
ತಪ್ಪದೆ ಬೆಳಗ್ಗೆ ಐದಕ್ಕೆ ಹಾಲಿನ ಕ್ಯಾನು,
ಉಪ್ಪಿಟ್ಟು ಆರುವ ಮೊದಲೇ ಮನೆಗೆ ವಾಪಸ್.

ಒಂದೂ ಸಾಲು ಕ್ರಿಯಾಪದದಿಂದ ಮುಗಿದಿಲ್ಲ. ಪ್ಪ ಪ್ಪ ಪ್ಪ ಪ್ಪ, ಕುದುರೆ ಗೊರಸಿನ ಹಾಗೆ ಪ್ರತಿ ಸಾಲಿನ ಬಾಗಿಲಲ್ಲೇ ಪೆಟ್ಟು. ಅದಕ್ಕೇ ಹಯ ಅಂದರೇನೋ, ಇದು ನನ್ನ ತಲೆಹರಟೆ.

ಇನ್ನೊಂದು ರೋಗ, ಹ್ರಸ್ವ-ದೀರ್ಘ. ಅಮೆರಿಕದವರ ಧಾಟಿಗೆ ಹೊಂದಲಿ ಅಂತ ನಮ್ಮ ಹುಡುಗರು ಎಲ್ಲೆಂದರಲ್ಲಿ ಎಳೆಯುತ್ತಾರೆ. 'ಹೊಳೆಗೆ ಬಲೆ ಬೀಸಿದ' ಅನ್ನುವುದು 'ಬಾಲೆ ಬೀಸಿದ' ಆದರೆ ಪೊಲೀಸ್ ಕೇಸ್ ಆಗುತ್ತದೆ.

ರಾಗಿಮುದ್ದೆ404
ಬಾಲೆ ಬೀಸಿದ!! ಟೀ ಮೂಗಿಗೆ ಹೋಯ್ತು.

ಲಯಲೆಕ್ಕ
ಅರ್ಧಸಾಲು, ನಿಮ್ಮ ನಾಲ್ಕು ಸಾಲನ್ನು ಈಗಷ್ಟೇ ತಟ್ಟಿಕೊಂಡು ಹೇಳಿ ನೋಡಿದೆ. ಮೂರನೇ ಸಾಲು ಸ್ವಲ್ಪ ಉದ್ದ, 'ಹಾಲಿನ ಕ್ಯಾನು' ಓಡಬೇಕಾಗುತ್ತದೆ. ಹಾಲಿನವನು ಓಡಲೇಬೇಕು ಅಂತ ಬೇಕಂತಲೇ ಮಾಡಿದ್ದರೆ ಭೇಷ್.

ಅರ್ಧಸಾಲು
ಬೇಕಂತಲೇ ಮಾಡಿದ್ದಲ್ಲ ಮೇಡಂ. ಇನ್ನು ಮೇಲೆ ಬೇಕಂತಲೇ ಮಾಡಿದ್ದು ಅಂತ ಹೇಳುತ್ತೇನೆ.

ಬನಶಂಕರಿ ಬೀಟ್
ಗುರು, ಇದನ್ನು ರೆಕಾರ್ಡ್ ಮಾಡಿ ಬಿಡಿ. ಬೀಟ್ ನಾನು ಮಾಡಿಕೊಡುತ್ತೇನೆ. ಆದರೆ ಒಂದು ಮಾತು. -ತೀನಿ ಪ್ರಾಸವನ್ನು ಪೂರ್ತಿ ಹೊಡೆದುಹಾಕಬೇಡಿ. ಸ್ಟೇಜ್ ಮೇಲೆ ಜನ ಜೊತೆಗೆ ಕೂಗುವುದು ಅದನ್ನೇ. ನಿಮ್ಮ ಕುದುರೆ ಕೇಳಲು ಹೆಡ್‌ಫೋನ್ ಬೇಕು.

ಅರ್ಧಸಾಲು
ಒಪ್ಪಿದೆ. ಪಲ್ಲವಿಗೆ -ತೀನಿ ಇಟ್ಟುಕೊಳ್ಳೋಣ. ಚರಣಕ್ಕೆ ಬೇಡ.

ತಂಬೂರಿ
ಎರಡು ದಿನದಿಂದ ಓದುತ್ತಿದ್ದೇನೆ. ನನ್ನ ಅಭಿಪ್ರಾಯ ಬದಲಾಗಿಲ್ಲ ಅಂತ ದಾಖಲಿಸಲು ಬಂದೆ. ಬ್ರಾಂಕ್ಸ್ ಹಾಡು ಎರಡು ಕೇಳಿದೆ. ಮೂರನೇ ನಿಮಿಷಕ್ಕೆ ಕಿವಿ ದಣಿಯಿತು. ಆ ಲಯದ ಮಾತು ಒಪ್ಪುತ್ತೇನೆ. ತಬಲಾದವರು ಸೋಲೋದಲ್ಲಿ ಬೋಲ್ ಹೇಳಿ ಆಮೇಲೆ ನುಡಿಸುತ್ತಾರಲ್ಲ, ಆಗ ನಾವೆಲ್ಲ ವಾಹ್ ಅನ್ನುತ್ತೇವೆ, ಅಲ್ಲಿ ರಾಗ ಕೇಳುವುದಿಲ್ಲ. ಇದನ್ನು ಯೋಚಿಸಿರಲಿಲ್ಲ. ಆದರೂ ಕಷ್ಟ. ಸಂಜೆ ಹೊತ್ತು ಮಾರವಾ ರಾಗ ಬಿಟ್ಟು ಇದನ್ನು ಕೇಳು ಅಂದರೆ ಆಗದು.

ಬಾಗಲಕೋಟಿ ಬುತ್ತಿ
ಯಾರು ಬಿಡ್ರಿ ಅಂದ್ರು? ಊಟದಾಗ ಹೋಳಿಗೆನೂ ಇರ್ತದ, ಖಾರಬ್ಯಾಳಿನೂ ಇರ್ತದ.

ಎರಡುಜಡೆ
'ಯೂನಿಟಿ' ಕೇಳಿದೆ. ಸ್ಯಾಕ್ಸೋಫೋನ್ ಹಿಡಿಸಿತು. ಕನ್ನಡದಲ್ಲಿ ಹುಡುಗಿಯರು ರ್‍ಯಾಪ್ ಮಾಡುವವರ ಹೆಸರು ಯಾರಾದರೂ ಇದ್ದರೆ ಹಾಕಿ. ಇಲ್ಲದಿದ್ದರೆ ಆ ನಾಗೇಶಿಯ ಹೆಣ್ಣುಮಗಳ ಹಾಗೆ ನಾನೇ ಶುರು ಮಾಡಬೇಕಾಗುತ್ತದೆ, ಎಚ್ಚರಿಕೆ.

ಹಳೇಕ್ಯಾಸೆಟ್
ಇವತ್ತು ಮತ್ತೆ ಹಾಸನಕ್ಕೆ ಹೋಗಿ ಬಂದೆವು. ವರದಿ ಒಪ್ಪಿಸುತ್ತೇನೆ.

ಕೆ.ಆರ್. ನಗರ ದಾಟಿದ ಮೇಲೆ ಮಗನ ಸರದಿ. ನಾನು ಸ್ಟೇರಿಂಗ್ ಮೇಲೆ ಬೆರಳಲ್ಲಿ ತಟ್ಟುತ್ತಾ ಬಂದೆ. ಒಂದು ಹಾಡಿನಲ್ಲಿ ಮೂರು-ಮೂರು-ಎರಡು ಸಿಕ್ಕಿತು. ಸಿಕ್ಕ ಕೂಡಲೇ 'ತಕಿಟ ತಕಿಟ ತಕ' ಅಂತ ಜೋರಾಗಿ ಅಂದುಬಿಟ್ಟೆ. ಮಗ ನನ್ನನ್ನು ನೋಡಿದ ರೀತಿ ಹೇಳಲಾರೆ. ಅವನಮ್ಮ 'ರೋಡ್ ನೋಡ್ರೀ' ಅಂದಳು. ಮುಂದಿನ ಹಾಡು ಶುರುವಾಯ್ತು. ಪೂರ್ತಿ ತೀನಿ, ತೀನಿ, ತೀನಿ. 'ಇದು ವ್ಯಾಕರಣದ ಪ್ರಾಸ, ಅವನದ್ದಲ್ಲ' ಅಂದೆ. 'ಇದೆಲ್ಲ ನಿಮಗೆ ಯಾರು ಹೇಳಿದ್ದು' ಅಂದ. ಹೇಳಲಿಲ್ಲ. ಅಪ್ಪನಿಗೂ ಒಂದಿಷ್ಟು ಗುಟ್ಟು ಬೇಕಲ್ಲ.

ಇಷ್ಟ ಆಯ್ತಾ ಅಂದರೆ, ಹತ್ತರಲ್ಲಿ ಎರಡು ಹಾಡು. ಉಳಿದ ಎಂಟು ಈಗಲೂ ಸಾಲ ವಸೂಲಿಯೇ. ಹೊಳೆನರಸೀಪುರ ಬಂತು. ಹೆಂಡತಿ ಆಫ್ ಮಾಡಿದಳು.

ಮನೆಗೆ ಬಂದ ಮೇಲೆ ಹುಡುಗ ತಾನಾಗೇ ಬಂದು ಅಟ್ಟದ ಮೇಲಿನ ಕ್ಯಾಸೆಟ್ ಡಬ್ಬ ಇಳಿಸಿಕೊಡಿ ಅಂದ. ಹಳೆ ಹಾಡಿನಿಂದ ಒಂದು ಚೂರು ಕತ್ತರಿಸಿ ಬೀಟ್ ಮಾಡಬೇಕಂತೆ, ಆ ಕೂಲ್ ಹರ್ಕ್ ಮಾಡಿದ ಹಾಗೆ. ಡಬ್ಬ ಇಳಿಸಿದೆ. ಟೇಪ್‌ರೆಕಾರ್ಡರ್‌ಗೆ ಹಾಕಿ ಗುಂಡಿ ಒತ್ತಿದರೆ ಮೋಟಾರು ಗುಯ್ ಅನ್ನುತ್ತದೆ, ಚಕ್ರ ತಿರುಗುವುದಿಲ್ಲ. ಒಳಗಿನ ಬೆಲ್ಟ್ ಕರಗಿ ಕಪ್ಪು ಅಂಟಾಗಿದೆ. ಮೈಸೂರಲ್ಲಿ ಈ ಬೆಲ್ಟ್ ಹಾಕಿಕೊಡುವವರು ಈಗಲೂ ಯಾರಾದರೂ ಇದ್ದಾರಾ?

ರಾಗಿಮುದ್ದೆ404
ದೇವರಾಜ ಅರಸ್ ರಸ್ತೆಯ ಹಿಂದಿನ ಗಲ್ಲಿಗಳಲ್ಲಿ ರೇಡಿಯೋ ರಿಪೇರಿಯವರನ್ನು ವಿಚಾರಿಸಿ ಸರ್. ಹಳೆ ಬೆಲ್ಟ್ ಬಿಸಾಡಬೇಡಿ, ಅಳತೆಗೆ ಕೇಳುತ್ತಾರೆ.